ಹಳೇ ಬ್ರಿಟಿಷ್ ಲಾರಿ ಸವಾರಿಗೆ ದುಡ್ಡು ಕಟ್ಟೋ ಮುಂಚೆ ಕ್ಯಾಬಿನ್ ಹತ್ತಿ ನೋಡಿ

ಇಂಗ್ಲೆಂಡಿನಲ್ಲಿ ಚಳಿಗಾಲ ಮುಗಿಯಿತು ಅಂದರೆ ಹಳೇ ಲಾರಿಗಳ ಮೇಳ ಶುರುವಾಗುತ್ತೆ. ಜೊತೆಗೆ ಜಾಹೀರಾತುಗಳೂ ಬರುತ್ತವೆ: 1950ರ ದಶಕದ ಲಾರಿಯಲ್ಲಿ ಕೂತು ಉತ್ತರ ಇಂಗ್ಲೆಂಡಿನ ಶಾಪ್ (Shap) ಅನ್ನೋ ಬೆಟ್ಟ ಹತ್ತಿ, ಇಡೀ ಕುಟುಂಬಕ್ಕೆ ಮರೆಯಲಾಗದ ದಿನ, ಹೀಗೆ. ಊರಿಂದ ಅಪ್ಪ, ಅಮ್ಮ, ಮಾವ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಹುಡುಕುವವರ ಕಣ್ಣಿಗೆ ಇದು ಬೀಳದೇ ಇರಲ್ಲ. ನಾನು ಈ ಏಪ್ರಿಲ್‌ನಲ್ಲಿ ದುಡ್ಡು ಕಟ್ಟಿ ಹೋಗಿ ಬಂದೆ. ನೀವು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ.

ಸವಾರಿ ನಡೆಸುವವರ ಹೆಸರು ಬರೆಯಲ್ಲ, ದುಡ್ಡು ವಾಪಸ್ ಕೇಳಿದ ವಿಷಯ ಇನ್ನೂ ಕ್ರೆಡಿಟ್ ಕಾರ್ಡ್ ಕಂಪನಿಯ ಮುಂದಿದೆ. ಲಾರಿ ಯಾವ ಕಂಪನಿಯದು ಅಂತಲೂ ಬರೆಯಲ್ಲ. ಅಷ್ಟು ವರ್ಷದ ಹಿಂದೆ ಅದನ್ನು ಮಾಡಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ.

ಟಿಕೆಟ್ ತಗೊಂಡಿದ್ದು ನಮ್ಮ ಮಾವನವರಿಗಾಗಿ. ಅವರು ದಾವಣಗೆರೆಯವರು, ವಯಸ್ಸಿನಲ್ಲಿ ಲೇಲ್ಯಾಂಡ್ ಕಾಮೆಟ್ ಓಡಿಸಿದವರು. ಕಾಮೆಟ್ ಮೂಲದಲ್ಲಿ ಬ್ರಿಟಿಷ್ ಲಾರಿ. ಮದ್ರಾಸಿನ ಎಣ್ಣೂರಿನಲ್ಲಿ ಜೋಡಣೆಯಾಗಿ ನಮ್ಮ ಕಡೆಗೆ ಬರುತ್ತಿತ್ತು. ಚಾಸಿ, ಅಂದರೆ ಲಾರಿಯ ಅಡಿಗಟ್ಟು ಮಾತ್ರ ತಂದು, ಮರದ ಕ್ಯಾಬಿನ್ ನಮ್ಮ ಊರ ಕಡೆಯೇ ಕಟ್ಟಿಸುತ್ತಿದ್ದರಂತೆ. ಹಾಗಾಗಿ ಈ ಲಾರಿಗಳ ತವರಲ್ಲಿ ಒಂದು ಸುತ್ತು ಹಾಕಿಸೋಣ ಅಂತ ಆಸೆ. ಬುಕ್ ಮಾಡುವಾಗ ಫೋನಿನಲ್ಲಿ ಎಲ್ಲ ಕೇಳಿದ್ದೆ. ವಯಸ್ಸಾದವರು ಕೂರಬಹುದಾ? ಆರಾಮಾಗಿ. ಮಗಳಿಗೆ ಆರು ವರ್ಷ, ಅವಳು? ಖಂಡಿತ ಕರೆತನ್ನಿ. ಕ್ಯಾಬಿನ್ ಹೇಗಿದೆ? ಪೂರ್ತಿ ರಿಪೇರಿ ಆಗಿದೆ, ಹೊಸದರ ಹಾಗಿದೆ.

ಬಣ್ಣ ಹೊಸದಾಗಿತ್ತು ನಿಜ. ಕಡುಹಸಿರು ಮೈ, ಕೆಂಪು ಗಾಲಿ, ಬಾಗಿಲ ಮೇಲೆ ಕೈಯಲ್ಲಿ ಬರೆದ ಅಕ್ಷರ. ಕೆಂಡಾಲ್ ಊರಿನ ಹೊರಗೆ ಅದು ನಿಂತಿದ್ದು ನೋಡಿ ಮಾವನವರು ಸುತ್ತ ಒಂದು ಪ್ರದಕ್ಷಿಣೆಯನ್ನೇ ಹಾಕಿದರು. ಅಲ್ಲಿಗೆ ಖುಷಿ ಮುಗೀತು ಅನ್ನಿ.

ಮೊದಲ ಪೆಟ್ಟು ಮಗಳಿಗೆ. ಡ್ರೈವರ್ ಅವಳನ್ನು ನೋಡಿದವರೇ ಆಗಲ್ಲ ಅಂದರು. ಬ್ರಿಟನ್ನಿನ ಕಾನೂನು ಹೀಗಿದೆ: ತಯಾರಾಗುವಾಗಲೇ ಸೀಟ್ ಬೆಲ್ಟ್ ಇರದ ಹಳೇ ಗಾಡಿಯಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸುವ ಹಾಗೇ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳಾದರೆ ಹಿಂದಿನ ಸೀಟಿನಲ್ಲಿ ಮಾತ್ರ. ಲಾರಿ ಕ್ಯಾಬಿನ್ನಿನಲ್ಲಿ ಹಿಂದಿನ ಸೀಟು ಎಲ್ಲಿಂದ ಬರಬೇಕು? ಡ್ರೈವರಿಗೆ ಗೊತ್ತಿದ್ದ ಈ ಮಾತು ಟಿಕೆಟ್ ಮಾರಿದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ನಿದ್ದರೋ. ಮಗಳು ಅಳುತ್ತಾ ಅಮ್ಮನ ಜೊತೆ ನಮ್ಮ ಕಾರಿಗೆ ವಾಪಸ್. ಅದೂ ಅಲ್ಲದೆ ಡ್ರೈವರ್ ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ. ಸರಿ, ಬೆಟ್ಟದ ತುದಿಯವರೆಗೆ ಮಾವನವರು ಕೂರಲಿ, ಅಲ್ಲಿಂದ ಬೆಟ್ಟದ ಆಚೆಯ ಪೆನ್ರಿತ್ ಊರಿನವರೆಗೆ ನಾನು ಅಂತಾಯ್ತು.

ಹತ್ತೋದೇ ಒಂದು ಸಾಹಸ. ಕ್ಯಾಬಿನ್ ಮುಂದಿನ ಗಾಲಿಯ ಮೇಲೇ ಕೂತಿರುತ್ತೆ, ಆದರೆ ಸರಿಯಾದ ಮೆಟ್ಟಿಲಿಲ್ಲ. ಗಾಲಿಯ ನಟ್ಟುಗಳ ಸುತ್ತ ಒಂದು ಕಬ್ಬಿಣದ ಬಳೆ ಇದೆ. ಅದರ ಮೇಲೆ ಒಂದು ಕಾಲಿಟ್ಟು, ಬಾಗಿಲ ಚೌಕಟ್ಟಿನ ಹಿಡಿ ಹಿಡಿದು, ಮೈಯನ್ನು ಪೂರ್ತಿ ಮೇಲಕ್ಕೆ ಎಳೆದುಕೊಳ್ಳಬೇಕು. ಮಳೆ ಬಿದ್ದು ಆ ಬಳೆ ಜಾರುತ್ತಿತ್ತು. ಎಪ್ಪತ್ತು ದಾಟಿದ ಮಾವನವರನ್ನು ನಾನು ಕೆಳಗಿಂದ ತಳ್ಳಿ, ಡ್ರೈವರ್ ಮೇಲಿಂದ ಎಳೆದು ಹತ್ತಿಸಿದೆವು.

ಶಾಪ್ ದಾರಿ ಗೊತ್ತಿಲ್ಲದವರಿಗೆ ಒಂದು ಮಾತು. 1970ರಲ್ಲಿ ಎಂ6 ಹೆದ್ದಾರಿ ಈ ಬೆಟ್ಟ ದಾಟುವವರೆಗೂ ಈ ಕಡೆಯಿಂದ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳೆಲ್ಲ ಈ ಎ6 ರಸ್ತೆಯಲ್ಲೇ ಏರಬೇಕಿತ್ತು. ತುದಿ ಸುಮಾರು 1,400 ಅಡಿ ಎತ್ತರದಲ್ಲಿದೆ. ನಮ್ಮ ಘಟ್ಟಗಳ ಮುಂದೆ ಅದೇನು ಮಹಾ ಅನ್ನಬೇಡಿ, ಅಲ್ಲಿ ಹಿಮ ಬೀಳುತ್ತೆ. ಆ ಕಾಲದಲ್ಲಿ ಹೆಸರು ಮಾಡಿದ ಗಾರ್ಡ್ನರ್ 6ಎಲ್‌ಡಬ್ಲ್ಯೂ ಅನ್ನೋ ಲಾರಿ ಡೀಸೆಲ್ ಇಂಜಿನ್ನಿನ ಶಕ್ತಿ ಬರೀ 112 ಅಶ್ವಶಕ್ತಿ. ಇವತ್ತು ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರಿಗೂ ಅಷ್ಟಿರುತ್ತೆ. ಅದನ್ನು ನಂಬಿ 20 ಟನ್ನಿಗೂ ಜಾಸ್ತಿ ತೂಕ ಎಳೆಯುತ್ತಿದ್ದರು. ಏರು ಹತ್ತುವಾಗ ಪಕ್ಕದಲ್ಲಿ ನಡೆದುಕೊಂಡು ಹೋಗಬಹುದಿತ್ತು.

ನಮ್ಮದು ಖಾಲಿ ಲಾರಿ. ಅದು ಇನ್ನೊಂದು ಕಷ್ಟ, ಇದನ್ನೂ ಯಾರೂ ಹೇಳಿರಲಿಲ್ಲ. ಕಮಾನು ಪಟ್ಟಿಗಳೆಲ್ಲ ಪೂರ್ತಿ ಲೋಡಿಗೆ ಅಂತ ಮಾಡಿದ್ದು. ಸರಕಿಲ್ಲದಿದ್ದರೆ ಅವು ಬಗ್ಗೋದೇ ಇಲ್ಲ, ರಸ್ತೆಯ ಪ್ರತಿ ಗುಂಡಿಯನ್ನೂ ನೇರ ಬೆನ್ನಿಗೆ ತಲುಪಿಸುತ್ತವೆ. ಸೀಟಿಗೂ ಸ್ಪ್ರಿಂಗ್ ಇಲ್ಲ. ಹಲಗೆ, ಅದರ ಮೇಲೆ ಒಂದು ಚಪ್ಪಟೆಯಾದ ಮೆತ್ತೆ, ಅಷ್ಟೆ. ಹಿಂದಿನಿಂದ ಕಾರಿನಲ್ಲಿ ಬರುತ್ತಿದ್ದ ನನಗೆ ಕ್ಯಾಬಿನ್ನಿನ ಹಿಂದಿನ ಕಿಟಕಿಯಲ್ಲಿ ಮಾವನವರ ತಲೆ ಮೇಲೆ ಕೆಳಗೆ ಆಗೋದು ಕಾಣುತ್ತಿತ್ತು. ಒಮ್ಮೆಯಂತೂ ಮೇಲಿನ ತಗಡಿಗೇ ಬಡಿದಂತಾಯ್ತು.

ತುದಿಯಲ್ಲಿ ಲಾರಿ ನಿಂತಿತು. ಅಲ್ಲಿ ಒಂದು ಸ್ಮಾರಕ ಕಲ್ಲಿದೆ, ಈ ಕಷ್ಟದ ದಾರಿಯಲ್ಲಿ ಗಾಡಿ ಓಡಿಸಿದವರಿಗೆ, ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಅನ್ನ, ಆಸರೆ ಕೊಟ್ಟ ಊರವರಿಗೆ ನಮಸ್ಕಾರ ಹೇಳುವ ಕಲ್ಲು. ಅದನ್ನು ತೋರಿಸಬೇಕು ಅಂತಿದ್ದೆ. ಬಾಗಿಲು ತೆಗೆದರೆ ಮಾವನವರ ಮುಖ ಬಿಳಿಚಿಕೊಂಡಿದೆ. "ಅಳಿಯಂದ್ರೇ, ಒಂದು ಕಾಲು ಕಾದ ಹಂಚಿನ ಮ್ಯಾಲೆ ಇಟ್ಟಂಗೈತೆ, ಇನ್ನೊಂದು ಎಲ್ಲೈತೆ ಅಂತಾನೇ ಗೊತ್ತಾಗವಲ್ದು" ಅಂದರು. ಇಳಿಯುವಾಗ ಮರಗಟ್ಟಿದ ಆ ಕಾಲನ್ನೇ ಬಳೆಯ ಮೇಲಿಟ್ಟರು. ಜಾರಿತು. ನಾನು ಹಿಡಿದುಕೊಂಡೆ, ಆದರೂ ಮಂಡಿ ತಿರುಚಿತು. ಕಾರಿನಲ್ಲಿ ಕೂತ ಮೇಲೂ ವಾಂತಿ ಬಂದಂತಾಗ್ತಿದೆ, ತಲೆ ಸಿಡೀತಿದೆ ಅಂದರು.

ಯಾಕೆ ಅಂತ ಮುಂದಿನ ಅರ್ಧ ದಾರಿಯಲ್ಲಿ ನನಗೇ ಗೊತ್ತಾಯ್ತು. ಇಂಜಿನ್ ಕ್ಯಾಬಿನ್ನಿನ ಒಳಗೇ ಇದೆ, ಇಬ್ಬರ ನಡುವೆ. ಅದರ ಮೇಲಿನ ಬಾನೆಟ್ ಅಂಚಿಗೆ ರಬ್ಬರೋ, ಫೆಲ್ಟೋ ಏನಾದರೂ ಇರಬೇಕು. ಇಲ್ಲಿ ಏನೂ ಇರಲಿಲ್ಲ. ಬೆರಳು ತೂರುವಷ್ಟು ಸಂದು, ಅದರಿಂದ ನೀಲಿ ಹೊಗೆ ಎಳೆ ಎಳೆಯಾಗಿ ಮೇಲೆ ಬರುತ್ತಿತ್ತು. ಪೆಡಲ್‌ಗಳು ನೆಲದಿಂದ ಮೇಲೆ ಬರುವ ತೂತುಗಳಲ್ಲಿ ರಸ್ತೆಯೇ ಕಾಣುತ್ತಿತ್ತು, ಅಲ್ಲಿಂದಲೂ ಹೊಗೆ, ಜೊತೆಗೆ ತಣ್ಣನೆ ಗಾಳಿ. ಬಲಗಾಲಿಗೆ ಬಾನೆಟ್ಟಿನ ಸುಡುವ ತಗಡು. ಎಡಗಾಲಿಗೆ ಬಾಗಿಲ ಸಂದಿಯ ಮಳೆ. ಕಿಟಕಿ ಗಾಜು ಅಲುಗಾಡಿ ಅಲುಗಾಡಿ ತಾನೇ ಕೆಳಗಿಳಿಯುತ್ತಿತ್ತು, ಅದನ್ನು ತಡೆಯಲು ಮರದ ಒಂದು ಚೂರನ್ನು ಸಿಗಿಸಿದ್ದರು. ಹೀಟರ್ ಇಲ್ಲವೇ ಇಲ್ಲ.

ಸದ್ದಿನ ಬಗ್ಗೆ ಹೇಳಿದರೆ ನಂಬಲ್ಲ. ಡ್ರೈವರ್ ನನ್ನಿಂದ ಎರಡು ಮೊಳ ದೂರದಲ್ಲಿದ್ದರು, ಇಬ್ಬರೂ ಕೂಗಿ ಮಾತಾಡಬೇಕಿತ್ತು. ಮೊಬೈಲ್ ಆ್ಯಪ್ 90 ಡೆಸಿಬೆಲ್ ದಾಟಿ ತೋರಿಸುತ್ತಿತ್ತು. ಆ್ಯಪ್ ಲೆಕ್ಕ ಅಂದಾಜು, ಒಪ್ಪುತ್ತೇನೆ. ಆದರೆ ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸರಾಸರಿ ಸದ್ದು 85 ಮುಟ್ಟಿದರೆ ಮಾಲೀಕ ಕಿವಿಗೆ ರಕ್ಷಣೆ ಕೊಡಲೇಬೇಕು. ನಮಗೆ ಒಂದು ತುಂಡು ಹತ್ತಿಯನ್ನೂ ಕೊಡಲಿಲ್ಲ. ಮನೆಗೆ ಬಂದ ಮೇಲೂ ನನ್ನ ಕಿವಿಯಲ್ಲಿ ಗುಂಯ್ ಅನ್ನೋದು ನಿಲ್ಲಲಿಲ್ಲ.

ಆ ಡ್ರೈವರ್ ಬಗ್ಗೆ ನನಗೆ ಬೇಜಾರಿಲ್ಲ. ಹಳೇ ಜೀವ, ಒಳ್ಳೇ ಮನುಷ್ಯ. ಹುಡುಗನಾಗಿದ್ದಾಗ ಇಂಥದೇ ಲಾರಿಯಲ್ಲಿ ರಾತ್ರಿಯೆಲ್ಲ ಓಡಿಸುತ್ತಿದ್ದರಂತೆ. ಮಿಲಿಟರಿ ಕೋಟು, ಕಾಲಿಗೆ ಗೋಣಿಚೀಲ, ಕೋಟಿನೊಳಗೆ ಪೇಪರ್. ಗಾಜಿನ ಒಳಮೈಗೂ ಮಂಜು ಹೆಪ್ಪುಗಟ್ಟುತ್ತಿತ್ತು, ಕೆರೆದು ಕೆರೆದು ಓಡಿಸುತ್ತಿದ್ದೆವು ಅಂದರು. ಹೀಟರ್ ಬೇಕಿದ್ದರೆ ಮಾಲೀಕ ಬೇರೆ ದುಡ್ಡು ಕೊಡಬೇಕು. ಯಾರು ಕೊಡ್ತಾರೆ?

ಇದೆಲ್ಲ ಸುಮ್ನೆ ಆಗಿದ್ದಲ್ಲ. ಲಾರಿಯ ಉದ್ದಕ್ಕೂ ತೂಕಕ್ಕೂ ಕಾನೂನಿನ ಮಿತಿ ಇತ್ತು. ಇಂಜಿನ್ನನ್ನು ಮುಂದೆ ಚಾಚಿದರೆ ಸರಕಿನ ಜಾಗ ಹೋಗುತ್ತೆ, ಅದಕ್ಕೇ ಅದನ್ನು ಡ್ರೈವರ್ ಪಕ್ಕಕ್ಕೆ ತಳ್ಳಿದರು. ಕ್ಯಾಬಿನ್ ಭಾರವಾದರೆ ಅಷ್ಟು ಸರಕು ಕಡಿಮೆ, ಅದಕ್ಕೇ ಮರದ ಚೌಕಟ್ಟು, ತೆಳು ಅಲ್ಯೂಮಿನಿಯಂ ತಗಡು, ಆಮೇಲೆ ಫೈಬರ್‌ಗ್ಲಾಸ್. ದೊಡ್ಡ ಲಾರಿಗಳಿಗೆ 1957ರವರೆಗೂ ಗಂಟೆಗೆ 20 ಮೈಲಿ ಮಾತ್ರ ವೇಗ. ಆ ವೇಗದಲ್ಲಿ ಹೋಗುವವನಿಗೆ ಮೆತ್ತನೆ ಸೀಟು ಯಾಕೆ ಅಂದುಕೊಂಡರೋ ಏನೋ. 1964ರಲ್ಲಿ ಲೇಲ್ಯಾಂಡ್ ಗುಂಪು ಎರ್ಗೊಮ್ಯಾಟಿಕ್ ಅಂತ ಹೊಸ ಕ್ಯಾಬಿನ್ ತಂದಿತು, ಇಡೀ ಕ್ಯಾಬಿನ್ ಮುಂದಕ್ಕೆ ಬಾಗುವಂಥದು. ಸ್ವಲ್ಪ ಸುಧಾರಿಸಿತು. ಆದರೆ ಕೆಲವೇ ವರ್ಷದಲ್ಲಿ ಸ್ವೀಡನ್ನಿನಿಂದ ವೋಲ್ವೋ, ಸ್ಕಾನಿಯಾ ಬಂದವು. ಬೆಚ್ಚಗಿನ ಕ್ಯಾಬಿನ್, ಒಳ್ಳೆ ಸೀಟು. ಒಮ್ಮೆ ಅದರಲ್ಲಿ ಕೂತವನು ಹಳೇದಕ್ಕೆ ಮನಸ್ಸಿಂದ ಹತ್ತಿರಲಿಕ್ಕಿಲ್ಲ. ನಮ್ಮ ದೇಶದಲ್ಲಂತೂ ಹೊಸ ಲಾರಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಲು 2025ರ ಅಕ್ಟೋಬರ್‌ವರೆಗೆ ಕಾಯಬೇಕಾಯ್ತು, ಆ ಮಾತು ಬೇರೆ.

ಹಾಗಂತ ಹಳೇ ಲಾರಿ ಹಳೇ ಲಾರಿಯ ಹಾಗೇ ಇರುತ್ತೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು, ಮನುಷ್ಯ ಕೂರುವ ಜಾಗಕ್ಕೆ ಒಂದು ಪಟ್ಟಿ ರಬ್ಬರ್ ಹಾಕದೇ, ಆರಾಮ ಅಂತ ಹೇಳಿ ಮಾರುವವರ ಮೇಲೆ. ದೂರು ಕೊಟ್ಟಾಗ ಬಂದ ಉತ್ತರ ಏನು ಗೊತ್ತಾ? ಇದೇ ನಿಜವಾದ ಅನುಭವ ಅಂತೆ. ಹೊಗೆ ಆ ಕಾಲದ ಅನುಭವ ಅಲ್ಲ, ಇವತ್ತಿನ ಸೋಮಾರಿತನ. ಬಾನೆಟ್ ಸರಿಯಾಗಿ ಮುಚ್ಚಿದ್ದರೆ ಅರ್ಧ ಕಷ್ಟ ಅಲ್ಲೇ ತಪ್ಪುತ್ತಿತ್ತು, ಅದನ್ನು ಆ ಡ್ರೈವರೇ ಒಪ್ಪಿದರು.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಒಮ್ಮೆ ಹೋಗಿ ಕ್ಯಾಬಿನ್ ಹತ್ತಿ. ಕಿಟಕಿ ಮುಚ್ಚಿಸಿ, ಇಂಜಿನ್ ಶುರು ಮಾಡಿಸಿ, ಸ್ವಲ್ಪ ಹೊತ್ತು ಒಳಗೆ ಕೂತು ನೋಡಿ. ಕಣ್ಣು ಉರಿದರೆ, ಹೊಗೆ ವಾಸನೆ ಬಂದರೆ ಇಳಿದು ಮನೆಗೆ ಬನ್ನಿ. ಮಂಡಿ ನೋವಿರುವವರು, ಬೆನ್ನು ಆಪರೇಷನ್ ಆದವರು, ಗರ್ಭಿಣಿಯರು ಇದರ ಸಹವಾಸಕ್ಕೇ ಹೋಗಬೇಡಿ. ಇಯರ್ ಪ್ಲಗ್ ನಿಮ್ಮದೇ ಒಯ್ಯಿರಿ. ಮಕ್ಕಳ ಟಿಕೆಟ್ ಕೊಡ್ತೀವಿ ಅಂದರೆ ಸೀಟ್ ಬೆಲ್ಟ್ ಎಲ್ಲಿದೆ ಅಂತ ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಕೆಲವರಿಗೆ ಸವಾರಿ ಸಾಲದು, ಕೊಳ್ಳೋಣ ಅನಿಸುತ್ತೆ. 1960ಕ್ಕೆ ಮುಂಚೆ ತಯಾರಾದ ಲಾರಿಯನ್ನು ಸರಕಿಲ್ಲದೆ, ಕೆಲವು ಷರತ್ತಿನ ಮೇಲೆ, ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಅದೇ ಮಾತು ಹೇಳಿ ಮಾರುತ್ತಾರೆ. ಆದರೆ ಪವರ್ ಸ್ಟೀರಿಂಗ್ ಇಲ್ಲ, ಪ್ರತಿ ಗೇರಿಗೂ ಡಬಲ್ ಕ್ಲಚ್ ಹೊಡೆಯಬೇಕು, ಅಂದರೆ ಎರಡೆರಡು ಸಲ ಕ್ಲಚ್ ತುಳಿಯಬೇಕು, ಕ್ಲಚ್ ತುಳಿದು ತುಳಿದು ತೊಡೆ ನಡುಗುತ್ತೆ. ಇನ್ನೊಂದು ವಿಷಯ. ಬಾನೆಟ್ ಒಳಗೆ, ಎಕ್ಸಾಸ್ಟ್ ಪೈಪಿನ ಸುತ್ತ ಸುತ್ತಿರುವ ಹಳೇ ಬಟ್ಟೆ, ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ ತರುವ ನಾರು ಅದು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಸಂದು ಮುಚ್ಚೋಣ ಅಂತ ನೀವೇ ಕೈ ಹಾಕಿ ಕೀಳಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ದುಡ್ಡು ಕಟ್ಟುವುದೇ ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಬೆಲೆ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಒಳಗಿದ್ದರೆ, ಸುಳ್ಳು ಹೇಳಿ ಮಾರಿದ್ದಕ್ಕೆ ಕಾರ್ಡ್ ಕಂಪನಿಯೂ ಹೊಣೆ. ನಾನು ಅದರ ಅಡಿಯಲ್ಲೇ ಕೇಳಿದ್ದೇನೆ. ಮಗಳ ಟಿಕೆಟ್ ದುಡ್ಡು ವಾಪಸ್ ಬಂದಿದೆ. ಮಾವನವರದ್ದು, ನನ್ನದು ಇನ್ನೂ ಬಂದಿಲ್ಲ. ಏನಾಯ್ತು ಅಂತ ಗೊತ್ತಾದಾಗ ಇಲ್ಲೇ ಬರೀತೀನಿ.