ಪ್ರೆಶರ್ ವಾಷರ್, ಕಾಸ್ಟಿಕ್, ಡಿಗ್ರೀಸರ್: ನಮ್ಮ ಗಾಣದಂಗಡಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಪ್ರೆಶರ್ ವಾಷರ್ ತಗೊಂಡರೆ ಕಾಂಕ್ರೀಟ್ ಮೇಲಿನ ಎಣ್ಣೆ ಕಲೆ ಹೋಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಯಂತ್ರ ಒಂದರಿಂದಲೇ ಹೋಗುವುದಿಲ್ಲ. ಕಲೆ ಬಿಡಿಸುವುದು ಮೊದಲು ಹಾಕುವ ರಾಸಾಯನಿಕ, ಬಿಟ್ಟದ್ದನ್ನು ತೊಳೆದು ಹಾಕುವುದು ಯಂತ್ರ. ಬಿದ್ದಿರುವುದು ಯಾವ ಎಣ್ಣೆ ಅಂತ ನೋಡದೆ ರಾಸಾಯನಿಕ ಕೊಂಡರೆ ದುಡ್ಡು ದಂಡ.

ನಮ್ಮದು ತುಮಕೂರಿನಲ್ಲಿ ಮೋಟರ್ ಮೇಲೆ ಓಡುವ ಮರದ ಗಾಣ. ಪಾವಗಡ, ಶಿರಾ ಕಡೆಯ ಕಡಲೆಕಾಯಿ, ತಿಪಟೂರಿನ ಕೊಬ್ಬರಿ. ಎಣ್ಣೆ ಇಳಿಯುವ ಕಡೆ ನೆಲಕ್ಕೆ ಅಡುಗೆ ಎಣ್ಣೆ ಚೆಲ್ಲುತ್ತದೆ. ಅಲ್ಲಿಂದ ಒಂದು ಮೊಳ ಆಚೆಗೆ ಗೇರ್‌ಬಾಕ್ಸಿನಿಂದ ಗೇರ್ ಆಯಿಲ್ ತೊಟ್ಟಿಕ್ಕುತ್ತದೆ. ಹೊರಗೆ ಗೂಡ್ಸ್ ಗಾಡಿ ನಿಲ್ಲುವ ಜಾಗದಲ್ಲಿ ಇಂಜಿನ್ ಆಯಿಲ್. ಹೀಗಾಗಿ ಎರಡೂ ಬಗೆಯ ಕಲೆಯ ಜೊತೆ ಹೆಣಗಾಡಿದ್ದೇವೆ.

ಕಡಲೆಕಾಯಿ, ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾಗಿಂತ ಅಗ್ಗದ, ಒಳ್ಳೆಯ ಮದ್ದು ನಾನು ಕಂಡಿಲ್ಲ. ಸಸ್ಯದ ಎಣ್ಣೆ ಕಾಸ್ಟಿಕ್ ಜೊತೆ ಸೇರಿ ಸೋಪೇ ಆಗಿಬಿಡುತ್ತದೆ. ಬ್ರಷ್ ಹಾಕಿ ಉಜ್ಜಿದಾಗ ನೊರೆ ಬಂದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹತ್ತು ಲೀಟರ್ ತಣ್ಣೀರಿಗೆ ಕಾಲು ಕಿಲೋ ಕಾಸ್ಟಿಕ್ ಚಕ್ಕೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸುತ್ತೇವೆ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಎಗರುತ್ತದೆ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ರಬ್ಬರ್ ಗ್ಲೌಸ್, ಗಮ್ ಬೂಟು, ಕಣ್ಣಿಗೆ ಕನ್ನಡಕ ಇಲ್ಲದೆ ನಮ್ಮ ಹುಡುಗರನ್ನು ಈ ಕೆಲಸಕ್ಕೆ ನಾನು ಬಿಡುವುದೇ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಒಣಗದಂತೆ ಬಿಟ್ಟು, ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ಯಂತ್ರ. ನೆಲ ಜಾರುವುದು ನಿಲ್ಲುವ ತನಕ ತೊಳೆಯಬೇಕು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ನೆಲದ ಮೇಲೆ ಅದು ಬಿಳಿ ಪದರವಾಗಿ ಕೂತಿರುತ್ತದೆ, ಆಗ ಬಿಸಿನೀರು ಹೊಯ್ದು ಕರಗಿಸದೆ ಏನು ಹಾಕಿದರೂ ವ್ಯರ್ಥ. ಅದನ್ನು ಹಾಗೇ ಬಿಡಲೂಬಾರದು: ಇಂಥ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ಸಿಮೆಂಟಿನ ಸುಣ್ಣದ ಜೊತೆ ಸೇರಿ ವರ್ಷಗಟ್ಟಲೆಯಲ್ಲಿ ಮೇಲ್ಪದರವನ್ನೇ ಸಡಿಲ ಮಾಡುತ್ತದೆ. ಕಪ್ಪು ಇಂಜಿನ್ ಆಯಿಲ್ ನೋಡಲು ಅಸಹ್ಯ, ಆದರೆ ಕಾಂಕ್ರೀಟನ್ನು ಹಾಗೆ ತಿನ್ನುವುದಿಲ್ಲ.

ನೀರಿನ ಮಾತೂ ಇದೆ. ಬೋರ್‌ವೆಲ್ ಗಡಸು ನೀರಿನಲ್ಲಿ ತೊಳೆದರೆ, ಕಾಸ್ಟಿಕ್‌ನಿಂದ ಆದ ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬೂದು ಬಣ್ಣದ ಗಸಿಯಾಗಿ ನೆಲಕ್ಕೇ ಅಂಟುತ್ತದೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬಂದ ದಿನ ಡ್ರಮ್ ತುಂಬಿಸಿಟ್ಟುಕೊಂಡು ಅದರಲ್ಲೇ ತೊಳೆಯುತ್ತೇವೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಗೇರ್ ಆಯಿಲ್, ಇಂಜಿನ್ ಆಯಿಲ್ ವಿಷಯ ಬೇರೆ. ಅವು ಕಲ್ಲೆಣ್ಣೆಯಿಂದ ಬಂದವು, ಸೋಪಾಗುವುದಿಲ್ಲ. ಬರೀ ಕಾಸ್ಟಿಕ್ ಅಲ್ಲಿ ಸೋಲುತ್ತದೆ. ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಲ್ಲಿ ತೇಲಿಸುವ ಡಿಗ್ರೀಸರ್ ಬೇಕು. ಹೊಸದಾಗಿ ಚೆಲ್ಲಿದ್ದರೆ ಮೊದಲು ಮರದ ಹೊಟ್ಟು ಅಥವಾ ಇಟ್ಟಿಗೆ ಪುಡಿ ಹಾಕಿ ಹೀರಿಸಿ, ಗುಡಿಸಿ ತೆಗೆದು, ನೆಲ ಒಣಗಿದ್ದಾಗಲೇ ಡಿಗ್ರೀಸರ್ ಹಾಕಿ. ನೀರು ಮೊದಲೇ ಹೊಯ್ದರೆ ರಂಧ್ರಗಳಲ್ಲಿ ನೀರೇ ತುಂಬಿಕೊಂಡು ಮದ್ದು ಒಳಗಿಳಿಯುವುದಿಲ್ಲ. ಹೊಸ ಕಲೆ ಹೀಗೆ ಪೂರ್ತಿ ಹೋಗಿದೆ. ಗಾಡಿ ನಿಲ್ಲುವ ಕಡೆಯ ಹಳೆಯ ಕಪ್ಪು ಕಲೆ ತಿಳಿಯಾಯಿತು, ಮಾಯವಾಗಲಿಲ್ಲ. ಒಳಗೆ ಇಂಗಿದ ಎಣ್ಣೆ ಬಿಸಿಲಿಗೆ ಮತ್ತೆ ಮೇಲೆ ಬರುತ್ತದೆ. ಅಂಥದ್ದಕ್ಕೆ ಸೀಮೆಸುಣ್ಣದ ಪುಡಿಯನ್ನು ಟರ್ಪೆಂಟೈನ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಡುವ ಪಟ್ಟು ಕೆಲಸ ಮಾಡುತ್ತದೆ, ಬೆಂಕಿಯಿಂದ ದೂರ ಇರುವ ಬಯಲಿನಲ್ಲಿ ಮಾತ್ರ. ಗಾಣದ ಒಳಗೆ ಅದನ್ನು ನಾನು ಒಪ್ಪುವುದಿಲ್ಲ. ತಿನ್ನುವ ಎಣ್ಣೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ "ಆ್ಯಸಿಡ್ ಹಾಕಿ ಅಣ್ಣ, ಒಂದೇ ಸಲಕ್ಕೆ ಹೋಗುತ್ತೆ" ಅನ್ನುತ್ತಾರೆ. ದಯವಿಟ್ಟು ಹಾಕಬೇಡಿ. ಆ್ಯಸಿಡ್ ಎಣ್ಣೆಯನ್ನು ಮುಟ್ಟುವುದಿಲ್ಲ, ಸಿಮೆಂಟನ್ನು ತಿನ್ನುತ್ತದೆ. ಬಿಳಿಯಾಗಿ ಕಾಣುವುದು ಮೇಲ್ಪದರ ಕಿತ್ತುಹೋಗಿದ್ದಕ್ಕೆ. ಮುಂದಿನ ಹನಿ ಇನ್ನೂ ಆಳಕ್ಕೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಈಗ ಯಂತ್ರ. ನಮ್ಮದು ಮನೆಬಳಕೆಯದು: 1,400 ವ್ಯಾಟ್, 110 ಬಾರ್ ಒತ್ತಡ, ಗಂಟೆಗೆ 360 ಲೀಟರ್ ನೀರು, ಅಂದರೆ ನಿಮಿಷಕ್ಕೆ ಆರು ಲೀಟರ್. ಪೈಪು ಹಿಡಿದು ತೊಳೆಯುವುದಕ್ಕಿಂತ ನೀರು ಕಡಿಮೆ, ನೀರಿಗೆ ಬರ ಇರುವ ನಮ್ಮಂಥ ಊರಿಗೆ ಇದು ದೊಡ್ಡ ಲಾಭ. ಗಾಣದ ಒಳಗಿನ ಜಾಗಕ್ಕೆ ಶಕ್ತಿ ಧಾರಾಳ ಸಾಕು, ಗ್ಯಾರೇಜಿಗೆ ಸಾಲದು. ಕುದಿನೀರು ಕೊಡಲು ಆಗುವುದಿಲ್ಲ, ಒಳಬರುವ ನೀರು 40 ಡಿಗ್ರಿ ದಾಟಬಾರದು ಅಂತ ಯಂತ್ರದ ಮೇಲೇ ಬರೆದಿದೆ. ಎಣ್ಣೆ ಕೆಲಸಕ್ಕೆ ಇದೇ ಇದರ ದೊಡ್ಡ ಕೊರತೆ. ತಿರುಗುವ ನಾಜಲ್ ಬಲವಾಗಿದೆ, ಆದರೆ ನೆಲಕ್ಕೆ ತೀರಾ ಹತ್ತಿರ ಹಿಡಿದರೆ ಗೀರು ಗೀರಾಗಿ ಉಳಿದು, ಬಡ ಕಾಂಕ್ರೀಟಿನಲ್ಲಿ ಜಲ್ಲಿಯೇ ಎದ್ದು ಕಾಣುತ್ತದೆ. ಬೀಸಣಿಗೆ ಆಕಾರದ ನಾಜಲ್ ಅನ್ನು ಒಂದಡಿ ದೂರ ಹಿಡಿದು ಸಮನಾಗಿ ಸರಿಸುವುದೇ ವಾಸಿ. ಒಳಬರುವ ನೀರಿನ ಜಾಲರಿಯಲ್ಲಿ ಮರಳು ಕಟ್ಟಿಕೊಂಡರೆ ಒತ್ತಡ ಬಿದ್ದುಹೋಗುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಎರಡನೇ ವರ್ಷ ಗನ್ನಿನ ಬಳಿಯ ರಬ್ಬರ್ ರಿಂಗ್ ಸೋರಿತು, ಬದಲಿಸಿದೆವು, ಪಂಪು ಗಟ್ಟಿಯಾಗಿದೆ. ಅರ್ತಿಂಗ್, ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಸಾಕೆಟ್ಟಿಗೆ ಇದನ್ನು ಹಾಕಲೇಬೇಡಿ, ಧಾರೆಯನ್ನು ಕೈಕಾಲಿನ ಕಡೆ ತಿರುಗಿಸಲೇಬೇಡಿ, ಚರ್ಮ ಸೀಳಿ ಒಳಹೋಗುವಷ್ಟು ಬಲ ಅದಕ್ಕಿದೆ.

ತೊಳೆದ ಕಪ್ಪು ನೀರನ್ನು ರಸ್ತೆ ಚರಂಡಿಗೆ ಬಿಡುವುದು ನನಗೆ ಸಹಿಸಲಾಗದ ಸಂಗತಿ, ಅದು ಕೊನೆಗೆ ಸೇರುವುದು ಯಾವುದೋ ಕೆರೆಯನ್ನೇ. ನಾವು ಹೊಟ್ಟಿನ ಒಡ್ಡು ಕಟ್ಟಿ ಹೀರಿಸಿ, ಚೀಲಕ್ಕೆ ತುಂಬುತ್ತೇವೆ. ಬಳಸಿದ ಇಂಜಿನ್ ಆಯಿಲ್ ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ.

ಕಲೆ ಇಂಗದಂತೆ ಕಾಂಕ್ರೀಟಿಗೆ ಬಳಿಯುವ ಸೀಲರ್ ಹಾಕಿಸುವವರು ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಸಿಲೇನ್, ಸಿಲಾಕ್ಸೇನ್ ಬಗೆಯವು ನೀರನ್ನು ಚೆನ್ನಾಗಿ ತಡೆಯುತ್ತವೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಎಣ್ಣೆಗೂ ಆಗುವಂಥದ್ದೇ ಬೇಕು ಅಂತ ಹೇಳಿ ಕೊಳ್ಳಿ. ನಾವು ಸದ್ಯಕ್ಕೆ ಗೇರ್‌ಬಾಕ್ಸಿನ ಆಯಿಲ್ ಸೀಲ್ ಬದಲಿಸಿ, ಕೆಳಗೆ ತಗಡಿನ ತಟ್ಟೆ ಇಟ್ಟಿದ್ದೇವೆ. ಅಲ್ಲಿಂದ ಆ ಕಡೆಗೆ ಡಿಗ್ರೀಸರ್ ಖರ್ಚು ಅರ್ಧಕ್ಕಿಂತ ಕಡಿಮೆಯಾಗಿದೆ.