ಕಬ್ಬಿಣದ ಬಾಣಲೆ: ತೂಗಿ ನೋಡಿ ಕೊಳ್ಳಿ, ಅವಸರಪಡದೆ ಪಳಗಿಸಿ

ನಾಲ್ಕು ಜನರ ಮನೆಗೆ ಒಂದೇ ಒಂದು ಕಬ್ಬಿಣದ ಪಾತ್ರೆ ಸಾಕು ಅನ್ನುವವರು 10 ಇಂಚಿನ ತಗಡಿನ ಬಾಣಲೆ ತೆಗೆದುಕೊಳ್ಳಬಹುದು. ದಪ್ಪ 2 ಮಿ.ಮೀ. ಇರಲಿ, ಅಡಿ ಒಂದು ಅಂಗೈಯಗಲ ಚಪ್ಪಟೆಯಾಗಿರಲಿ. ಪಲ್ಯ, ಸುಕ್ಕ, ಈರುಳ್ಳಿ ಮಸಾಲೆ ಬಾಡಿಸುವುದು, ಹಪ್ಪಳ ಕರಿಯುವುದು ಎಲ್ಲಕ್ಕೂ ಅದು ಆಗುತ್ತದೆ. ಬೀಡಿನ, ಅಂದರೆ ಎರಕದ ಕಬ್ಬಿಣದ ಬಾಣಲೆಗೆ ನಮ್ಮ ಲೆಕ್ಕದಲ್ಲಿ ಎರಡನೇ ಜಾಗ. ಅದು ಕೆಟ್ಟದ್ದೇನಲ್ಲ, ಆದರೆ ದಿನಾ ಎತ್ತಿ ಇಳಿಸುವ ಕೈಗಳ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಸಂತೆಯಲ್ಲಿ, ಜಾತ್ರೆಯಲ್ಲಿ, ಕೆ.ಆರ್. ಮಾರ್ಕೆಟ್ ಸುತ್ತಿನ ಪಾತ್ರೆ ಅಂಗಡಿಗಳಲ್ಲಿ ಬಹುಪಾಲು ಸಿಗುವುದು ತಗಡನ್ನು ಬಡಿದೋ ಅಚ್ಚಿನಲ್ಲಿ ಒತ್ತಿಯೋ ಮಾಡಿದ ಬಾಣಲೆ. ಆನ್‌ಲೈನಿನಲ್ಲಿ ಕಾರ್ಬನ್ ಸ್ಟೀಲ್ ಎಂಬ ಹೆಸರಲ್ಲಿ ಮಾರುವುದೂ ಇದೇ ಮನೆತನದ್ದು. ಬೀಡು ಅಂದರೆ ಕರಗಿಸಿ ಅಚ್ಚಿಗೆ ಎರಕ ಹೊಯ್ದದ್ದು. ಬೀಡಿನಲ್ಲಿ ಇಂಗಾಲದ ಅಂಶ ಶೇಕಡಾ 2ಕ್ಕಿಂತ ಹೆಚ್ಚು. ತಗಡಿನಲ್ಲಿ ಅದು 1ನ್ನು ಮುಟ್ಟುವುದೂ ಅಪರೂಪ. ಹಾಗಾಗಿಯೇ ಕೈತಪ್ಪಿ ಬಿದ್ದರೆ ಬೀಡು ಒಡೆಯುತ್ತದೆ, ತಗಡು ತಗ್ಗು ಬಿದ್ದು ಸುಮ್ಮನಾಗುತ್ತದೆ. ಬೀಡಿನ ದೊಡ್ಡ ಗುಣವೆಂದರೆ ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಅರ್ಧ ಕಿಲೋ ಹುರುಳಿಕಾಯಿ ಒಟ್ಟಿಗೆ ಸುರಿದರೂ ಅದರ ಕಾವು ಅಷ್ಟಾಗಿ ಕುಗ್ಗುವುದಿಲ್ಲ. ತಗಡಿನ ಗುಣ ಇದಕ್ಕೆ ಉಲ್ಟಾ, ಉರಿ ತಗ್ಗಿಸಿದ ಕೂಡಲೇ ಮಾತು ಕೇಳುತ್ತದೆ. ಒಗ್ಗರಣೆ ಸೀಯುವ ಹೊತ್ತಿಗೆ ಬೇಕಾಗುವುದು ಆ ಗುಣವೇ.

ಅಂಗಡಿಯವರನ್ನು ದಪ್ಪ ಎಷ್ಟು ಎಂದು ಕೇಳಿದರೆ ‘ಹೆವಿ ಇದೆ ಸಾರ್’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಕಷ್ಟ. ತಕ್ಕಡಿ ಕೇಳಿ. 10 ಇಂಚಿನ ಸಾಧಾರಣ ಆಳದ ಬಾಣಲೆಗೆ ಸುಮಾರು 32 ಸೆಂ.ಮೀ. ಅಗಲದ ದುಂಡು ತಗಡು ಬೇಕಾಗುತ್ತದೆ. 2 ಮಿ.ಮೀ. ದಪ್ಪವಿದ್ದರೆ ಆ ತಗಡೇ ಒಂದೂಕಾಲು ಕಿಲೋ ತೂಗುತ್ತದೆ, 1.2 ಮಿ.ಮೀ. ಇದ್ದರೆ ಬರೀ 750 ಗ್ರಾಂ. ಎರಡು ಕಿವಿಗಳಿಗೆ ನೂರು ಗ್ರಾಂ ಸೇರಿಸಿಕೊಳ್ಳಿ. ಅಂದರೆ 10 ಇಂಚಿನ ಬಾಣಲೆ ಒಂದು ಕಿಲೋಗಿಂತ ಕಡಿಮೆ ತೂಗಿದರೆ ಅದನ್ನು ಅಲ್ಲೇ ಬಿಡಿ. ತೆಳು ತಗಡಿನಲ್ಲಿ ಬರ್ನರಿನ ಉರಿ ತಾಗುವ ಕಡೆ ಈರುಳ್ಳಿ ಉಂಗುರದಾಕಾರದಲ್ಲಿ ಕರಕಲಾಗಿರುತ್ತದೆ, ಅಂಚಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಜೋರು ಉರಿಗೆ ನಾಲ್ಕು ಸಲ ಇಟ್ಟರೆ ಅಡಿ ಸೊಟ್ಟಗಾಗುತ್ತದೆ. ಇದೇ ಅಳತೆಯ ಬೀಡು 4 ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ ಹತ್ತಿರ ಬರುತ್ತದೆ. ಅದರೊಳಗೆ ಎರಡು ಲೀಟರ್ ಗ್ರೇವಿ ತುಂಬಿದರೆ ಅಡುಗೆಮನೆಯ ಇಕ್ಕಳ ಅದನ್ನು ಹಿಡಿಯಲಾರದು, ಜಾರುತ್ತದೆ. ಎರಡೂ ಕಿವಿಗೆ ದಪ್ಪ ಮಸಿಬಟ್ಟೆ ಹಿಡಿದು ಎರಡು ಕೈಯಲ್ಲಿ ಇಳಿಸಬೇಕು.

ಒಂದು ಚಿಕ್ಕ ಆಯಸ್ಕಾಂತ ಜೇಬಿನಲ್ಲಿರಲಿ. ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಆಗಿದ್ದರೆ ಅಂಟುವುದಿಲ್ಲ, ಅಲ್ಲಿಗೆ ವ್ಯಾಪಾರ ಮುಗಿಯಿತು. ಅಂಟಿದರೆ ಕಬ್ಬಿಣ ಎಂದಷ್ಟೇ ಗೊತ್ತಾಗುತ್ತದೆ, ತಗಡೋ ಬೀಡೋ ತಿಳಿಯದು. ಬೀಡನ್ನು ಒಂದು ಕಿವಿಯಲ್ಲಿ ತೂಗುಹಾಕಿ ಚಮಚದಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಸರಿ, ಮಡಕೆ ಒಡೆದ ಸದ್ದು ಬಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ. ತಗಡಿನದ್ದಾದರೆ ಕಿವಿಯನ್ನು ಹಿಡಿದು ಅಲುಗಾಡಿಸಿ. ರಿವೆಟ್ ಈಗಲೇ ಸಡಿಲವಿದ್ದರೆ ಮುಂದೆ ಬಿಗಿಯಾಗುವುದಿಲ್ಲ. ಒಳಗಡೆ ರಿವೆಟ್ ತಲೆಯ ಸುತ್ತ ಸಂದಿಯಿದ್ದರೆ ಅಲ್ಲಿ ಮಸಾಲೆ ಸಿಕ್ಕಿಕೊಂಡು ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಇಂಡಕ್ಷನ್ ಒಲೆಯವರು ಅಡಿಗೆ ಒಂದು ಸ್ಕೇಲ್ ಇಟ್ಟು ನೋಡಲಿ. ನಡುವೆ ಬೆಳಕು ತೂರಿದರೆ ಅಥವಾ ಬಾಣಲೆ ನೆಲದ ಮೇಲೆ ಗಿರಗಿರ ತಿರುಗಿದರೆ ಬೇಡ. ಗ್ಯಾಸ್ ಒಲೆಗೆ ದುಂಡು ಅಡಿಯಾದರೂ ನಡೆಯುತ್ತದೆ.

ಬೆಲೆಯ ಮಾತು. ಸಂತೆಯ ತಗಡಿನ ಬಾಣಲೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ; ಹೆಸರಿರುವ ಕಂಪನಿಗಳ ‘ಪ್ರೀ-ಸೀಸನ್ಡ್’ ಬೀಡು ಸಾವಿರದ ಮೇಲೆಯೇ. ಮೊದಲೇ ಪಳಗಿಸಿದ್ದಕ್ಕೆ, ಅಂದರೆ ಎಣ್ಣೆ ಸವರಿ ಕಾಯಿಸಿ ಪದರ ಕೂರಿಸಿದ್ದಕ್ಕೆ, ಕೊಡುವ ಹೆಚ್ಚಿನ ದುಡ್ಡು ಪೂರ್ತಿ ಸಾರ್ಥಕ ಎನ್ನಲಾಗದು. ಕಾರ್ಖಾನೆಯ ಆ ಪದರ ತೀರಾ ತೆಳು. ಅಂಗಡಿಯಲ್ಲಿ ತುಕ್ಕು ಹಿಡಿಯದಂತೆ ಕಾಯಲು, ಮೊದಲ ಅಡುಗೆ ಕಪ್ಪಾಗದಂತೆ ನೋಡಿಕೊಳ್ಳಲು ಸಾಕು. ಮೊಟ್ಟೆ ಜಾರುವ ನುಣುಪು ಅದರಿಂದ ಬರುವುದಿಲ್ಲ. ತಂದ ಮೇಲೆ ಇನ್ನೆರಡು ಪದರ ಮನೆಯಲ್ಲೇ ಕೂರಿಸಬೇಕು.

ಪಳಗಿಸುವುದಕ್ಕೆ ಮೊದಲು ಬಾಣಲೆಯ ಮೇಲಿರುವುದೆಲ್ಲ ಹೋಗಬೇಕು. ಹೊಸ ಬಾಣಲೆಗೆ ಯಂತ್ರದ ಎಣ್ಣೆಯನ್ನೋ ಮೇಣವನ್ನೋ ಸವರಿರುತ್ತಾರೆ, ಕೆಲವಕ್ಕೆ ಕಪ್ಪು ಬಣ್ಣವನ್ನೇ ಹೊಡೆದಿರುತ್ತಾರೆ. ಸ್ಯಾಂಡ್‌ಪೇಪರಿನಲ್ಲಿ ಒಂದು ಮೂಲೆ ಉಜ್ಜಿ. ಬಣ್ಣವಾದರೆ ಚಕ್ಕೆಯಾಗಿ ಎದ್ದು ಕೆಳಗೆ ಹೊಳೆಯುವ ಲೋಹ ಕಾಣುತ್ತದೆ. ಅಂಥದ್ದನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲವೇ ವಾಪಸ್ ಕೊಡಬೇಕು. ಅದರ ಮೇಲೆಯೇ ಎಣ್ಣೆ ಕಾಯಿಸುವಂತಿಲ್ಲ. ಎಣ್ಣೆ, ಮೇಣವಷ್ಟೇ ಇದ್ದರೆ ಕುದಿಯುವ ನೀರು, ಎರಡು ಚಮಚ ವಾಷಿಂಗ್ ಸೋಡಾ, ಸ್ಟೀಲ್ ಸ್ಕ್ರಬ್ಬರ್ ಸಾಕು. ಒರಟಾಗಿದ್ದರೆ 120ನೇ ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 240. ಕೈಗೆ ನಯವಾದರೆ ನಿಲ್ಲಿಸಿ, ಕನ್ನಡಿಯಂತೆ ಹೊಳೆಸಬೇಡಿ. ತೀರಾ ನುಣುಪಾದ ಲೋಹಕ್ಕೆ ಎಣ್ಣೆಯ ಪದರ ಹಿಡಿಯುವುದು ಕಷ್ಟ.

ಹಳೇ ಕ್ರಮದಲ್ಲಿ ಈ ಹಂತಕ್ಕೆ ಅಕ್ಕಚ್ಚು ಬಳಸುತ್ತಾರೆ. ಅಕ್ಕಿ ತೊಳೆದ ನೀರನ್ನೋ ಗಂಜಿ ತಿಳಿಯನ್ನೋ ಬಾಣಲೆ ತುಂಬ ಹಾಕಿಟ್ಟು, ದಿನಕ್ಕೊಮ್ಮೆ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಹೊಸದು ತುಂಬುವುದು, ಹೀಗೆ ಎರಡು ಮೂರು ದಿನ. ನೀರು ಸ್ವಲ್ಪ ಹುಳಿ ಬಂದು ಮೇಲಿನ ತುಕ್ಕನ್ನು ಸಡಿಲಿಸುತ್ತದೆ. ಇದು ಶುಚಿ ಮಾಡುವ ಕೆಲಸ ಅಷ್ಟೆ, ಇದರಿಂದಲೇ ಬಾಣಲೆ ಪಳಗಿತು ಎಂದುಕೊಂಡವರ ಮೊದಲ ದೋಸೆಯೋ ಪಲ್ಯವೋ ಅಡಿ ಹಿಡಿಯುತ್ತದೆ.

ನಿಜವಾಗಿ ಪಳಗಿಸುವುದು ಎಣ್ಣೆ ಮತ್ತು ಕಾವು. ತೆಳುವಾಗಿ ಹಚ್ಚಿದ ಎಣ್ಣೆ ಹೊಗೆಯಾಡುವಷ್ಟು ಕಾದಾಗ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಈ ಗುಣ ಸೂರ್ಯಕಾಂತಿ, ಸೋಯಾ, ಕಡಲೆಕಾಯಿ ಎಣ್ಣೆಗಳಲ್ಲಿ ಚೆನ್ನಾಗಿದೆ, ಎಳ್ಳೆಣ್ಣೆಯೂ ಆಗುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಹೆಣೆದುಕೊಳ್ಳುವುದು ತೀರಾ ಕಡಿಮೆ. ಕರಾವಳಿಯ ಮನೆಗಳಲ್ಲಿ ಅಡುಗೆಗೆ ಅದೇ ಇರಲಿ, ಪಳಗಿಸಲು ಬೇರೆ ಎಣ್ಣೆ ತನ್ನಿ. ಅಗಸೆ ಎಣ್ಣೆಯನ್ನು ಇಂಟರ್ನೆಟ್ ತುಂಬ ಹೊಗಳುತ್ತಾರೆ. ಅದು ಬೇಗ ಗಟ್ಟಿಯಾಗುವುದು ನಿಜ, ಅಷ್ಟೇ ಬೇಗ ಚಕ್ಕೆ ಏಳುತ್ತದೆ.

ತೊಳೆದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಒಣಗಿಸಿ. ತಗಡಿನದ್ದಾದರೆ ಉರಿ ಏರಿಸಿ ಬಣ್ಣ ಕಂದಾಗಿ ನೀಲಿಗೆ ತಿರುಗುವ ತನಕ ಕಾಯಿಸಿ, ಬದಿಗಳಿಗೂ ಉರಿ ತಾಗುವಂತೆ ಓರೆ ಹಿಡಿದು ತಿರುಗಿಸಿ. ಬೀಡನ್ನು ಬರಿದಾಗಿ ಇಷ್ಟು ಕಾಯಿಸಬೇಡಿ, ಬಿರುಕು ಬಿಟ್ಟೀತು. ಕೈ ಸುಡದಷ್ಟು ಆರಿದ ಮೇಲೆ ಅರ್ಧ ಟೀ ಚಮಚ ಎಣ್ಣೆ ಹಾಕಿ ಒಳಗೆ, ಹೊರಗೆ, ಕಿವಿಗೆಲ್ಲ ಸವರಿ. ಇನ್ನೊಂದು ಒಣ ಹತ್ತಿ ಬಟ್ಟೆ ತೆಗೆದುಕೊಂಡು ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನಿಸುವಷ್ಟು ಒರೆಸಿ ತೆಗೆಯಿರಿ. ಕೆಲಸ ಕೆಡುವುದು ಈ ಒರೆಸುವಿಕೆಯಲ್ಲಿ ಕೈ ಸೋತಾಗ. ಬೆಳಕಿಗೆ ಹಿಡಿದಾಗ ಎಣ್ಣೆ ತೊಟ್ಟಿಕ್ಕಿದಂತೆ ಹೊಳೆದರೆ ಇನ್ನೂ ಹೆಚ್ಚಿದೆ ಎಂದರ್ಥ. ಕಿಟಕಿ ತೆರೆದಿಟ್ಟು ಮಧ್ಯಮ ಉರಿಯಲ್ಲಿ ಹೊಗೆ ಬಂದು ನಿಲ್ಲುವ ತನಕ, ಸುಮಾರು ಹತ್ತು ನಿಮಿಷ ಕಾಯಿಸಿ. ಆರಲಿ. ಹೀಗೆ ನಾಲ್ಕೈದು ಸುತ್ತು. ಓವನ್ ಇದ್ದರೆ ಬೀಡಿಗೆ ಅದೇ ಉತ್ತಮ: 230ರಿಂದ 250 ಡಿಗ್ರಿ ಸೆಲ್ಸಿಯಸ್, ಬೋರಲು ಹಾಕಿ ಒಂದು ಗಂಟೆ, ಅಲ್ಲೇ ಆರಲು ಬಿಡಿ.

ಕೊನೆಗೆ ಎರಡು ಈರುಳ್ಳಿ ಹೆಚ್ಚಿ, ಮೂರು ದೊಡ್ಡ ಚಮಚ ಎಣ್ಣೆ, ಒಂದು ಚಮಚ ಕಲ್ಲುಪ್ಪು ಹಾಕಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಬದಿಗಳ ಮೇಲೆಲ್ಲ ಉಜ್ಜಾಡಿಸಿ, ಕರ್ರಗಾದ ಮೇಲೆ ಎಸೆಯಿರಿ. ಮೊದಲ ವಾರ ಪೂರಿ, ಬಜ್ಜಿ, ಸಂಡಿಗೆ ಕರಿಯುವುದಕ್ಕೇ ಇರಲಿ. ಕರಿದಷ್ಟೂ ಪದರ ಕೂರುತ್ತದೆ. ಬೆಂಡೆಕಾಯಿ, ಮೊಟ್ಟೆ, ಮೀನಿನ ಫ್ರೈಗೆ ಅವಸರ ಬೇಡ.

ಪಳಗಿಸಿದ ಬಾಣಲೆ ಅಂಟಂಟಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಾವು ಸಾಲದಾಗಿದೆ. ಹೊಸದಾಗಿ ಎಣ್ಣೆ ಹಾಕದೆ ಮತ್ತೆ ಹೊಗೆ ನಿಲ್ಲುವ ತನಕ ಕಾಯಿಸಿ. ಆಗಲೂ ಅಂಟಿದರೆ ಉಜ್ಜಿ ತೆಗೆಯುವುದೇ ದಾರಿ. ಚಕ್ಕೆ ಎದ್ದರೆ ದಪ್ಪ ಪದರ ಕೂತಿತ್ತು ಅಂತ, ಎದ್ದ ಜಾಗವನ್ನು ಸ್ಕ್ರಬ್ಬರಿನಿಂದ ಸಮ ಮಾಡಿ ಎರಡು ಸುತ್ತು ಎಣ್ಣೆ ಕೊಡಿ. ಕಮಟು ವಾಸನೆ ಬರುವುದು ಎಣ್ಣೆ ಬಳಿದು ತಿಂಗಳುಗಟ್ಟಲೆ ಎತ್ತಿಟ್ಟಾಗ. ತುಕ್ಕು ಹಿಡಿದರೆ ಗಾಬರಿ ಏನೂ ಬೇಡ, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹೆಚ್ಚೆಂದರೆ ಅರ್ಧ ಗಂಟೆ ನೆನೆಸಿ ಉಜ್ಜಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ.

ಇನ್ನು ಅಡುಗೆ. ಒಣ ಪಲ್ಯಗಳಿಗೆ, ಹಾಗಲಕಾಯಿ ಹುರಿಯಲಿಕ್ಕೆ, ಕೋಳಿ ಸುಕ್ಕಕ್ಕೆ ಕಬ್ಬಿಣವನ್ನು ಮೀರಿಸುವ ಪಾತ್ರೆ ಇಲ್ಲ. ಸುಕ್ಕದ ತೆಂಗಿನತುರಿ ಹುರಿಯುವಾಗ ಬೀಡಿನ ಗುಣ ಚೆನ್ನಾಗಿ ಗೊತ್ತಾಗುತ್ತದೆ: ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿಟ್ಟ ಬಾಣಲೆಯಲ್ಲಿ ತುರಿ ಒಂದೇ ಸಮ ಕೆಂಪಗಾಗುತ್ತದೆ. ಕಾಯಿಸದೆ ಹಾಕಿದರೆ ನಡುವೆ ಸೀದು ಅಂಚು ಬೆಳ್ಳಗಿರುತ್ತದೆ, ಯಾಕೆಂದರೆ ಕಬ್ಬಿಣ ಅಲ್ಯೂಮಿನಿಯಂನಷ್ಟು ಬೇಗ ಶಾಖವನ್ನು ಹರಡುವುದಿಲ್ಲ. ಹುರಿದದ್ದನ್ನು ತಕ್ಷಣ ತಟ್ಟೆಗೆ ಸುರಿಯಿರಿ. ಒಲೆ ಆರಿಸಿದರೂ ಬೀಡು ಹುರಿಯುವುದನ್ನು ನಿಲ್ಲಿಸುವುದಿಲ್ಲ.

ಹುಳಿ ಬಿದ್ದಲ್ಲಿ ತೊಂದರೆ. ಹುಣಸೆ, ಪುನರ್ಪುಳಿ, ಟೊಮ್ಯಾಟೊ, ಮೊಸರು ಎಣ್ಣೆಯ ಪದರವನ್ನು ಸಡಿಲಿಸಿ ಕಬ್ಬಿಣವನ್ನು ಕರಗಿಸಿಕೊಳ್ಳುತ್ತವೆ. ಸಾರು ಕಪ್ಪಾಗುತ್ತದೆ, ನಾಲಿಗೆಗೆ ಕಾಸಿನ ರುಚಿ ತಾಗುತ್ತದೆ. ಚೆನ್ನಾಗಿ ಪಳಗಿದ ಬಾಣಲೆಯಲ್ಲಿ ಎರಡು ಟೊಮ್ಯಾಟೊ ಹತ್ತು ನಿಮಿಷ ಬೆಂದರೆ ಏನೂ ಆಗದು. ಹುಣಸೆಗೊಜ್ಜು ಮುಕ್ಕಾಲು ಗಂಟೆ ಕುದಿಸಿದರೆ ವಾರಗಟ್ಟಲೆಯ ಶ್ರಮ ನೀರುಪಾಲು. ಎಣ್ಣೆಗಾಯಿಗೆ ಹುಳಿಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಿ. ಕೊಡಗಿನ ಪಂದಿ ಕರಿಗೆ ಹಾಕುವ ಕಾಚಂಪುಳಿ ಇನ್ನೂ ತೀಕ್ಷ್ಣ. ಮಾಂಸ ಬಾಡಿಸುವುದು ಕಬ್ಬಿಣದಲ್ಲಿ ಆಗಲಿ, ಕಾಚಂಪುಳಿ ಬೇರೆ ಪಾತ್ರೆಯಲ್ಲಿ ಬೀಳಲಿ. ಮೀನು ಸಾರಿಗೆ ಮಣ್ಣಿನ ಗಡಿಗೆಯೇ ಸರಿ. ಬದನೆ, ಬಾಳೆಕಾಯಿ, ಬಾಳೆ ಹೂವು ಹುಳಿಯಿಲ್ಲದೆಯೂ ಕಪ್ಪಾಗುತ್ತವೆ, ಅವುಗಳ ಒಗರಿನ ಅಂಶ ಕಬ್ಬಿಣದ ಜೊತೆ ಸೇರುವುದರಿಂದ. ನೋಡಲು ಚೆಂದವಿಲ್ಲ, ತಿನ್ನಲು ಅಡ್ಡಿಯಿಲ್ಲ. ಏನೇ ಮಾಡಿದರೂ ಬೆಂದ ಕೂಡಲೇ ಸ್ಟೀಲ್ ಪಾತ್ರೆಗೆ ತೆಗೆಯಿರಿ. ಮೈಯಲ್ಲಿ ಕಬ್ಬಿಣಾಂಶ ಹೆಚ್ಚಾಗುವ ಕಾಯಿಲೆ ಇರುವವರು, ಥಲಸ್ಸೀಮಿಯಾ ಇರುವವರು ವೈದ್ಯರನ್ನು ಕೇಳಿಯೇ ಕಬ್ಬಿಣದ ಪಾತ್ರೆಯ ಅಡುಗೆ ತಿನ್ನಬೇಕು.

ತೊಳೆಯುವುದಕ್ಕೆ ಬಿಸಿನೀರು, ತೆಂಗಿನ ನಾರು, ಬೇಕಿದ್ದರೆ ನಾಲ್ಕು ಹನಿ ಪಾತ್ರೆ ಸೋಪು. ಸೋಪು ತಾಗಲೇಬಾರದು ಎಂಬ ಮಡಿ ಬೇಕಿಲ್ಲ, ಗಟ್ಟಿಯಾದ ಪೊರೆ ಅಷ್ಟಕ್ಕೆ ಹೋಗುವುದಿಲ್ಲ. ಹೋಗುವುದು ಬೂದಿಯಿಂದ, ವಾಷಿಂಗ್ ಸೋಡಾದಿಂದ, ಎರಡೂ ಕ್ಷಾರ. ಮನೆಗೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಬಾಣಲೆ ಒಂದೇ ದಿನದಲ್ಲಿ ಬೆಳ್ಳಗೆ ಹೊಳೆಯುತ್ತ ನಿಮ್ಮೆದುರು ಬಂದು ಕೂರುತ್ತದೆ. ತೊಳೆದ ಮೇಲೆ ಒರೆಸಿದರೆ ಸಾಲದು, ಒಲೆಯ ಮೇಲೆ ಎರಡು ನಿಮಿಷ ಕಾಯಿಸಿ, ಎರಡು ಹನಿ ಎಣ್ಣೆ ಒರೆಸಿಡಿ. ಕಾದ ಬೀಡಿಗೆ ತಣ್ಣೀರು ಮಾತ್ರ ಸುರಿಯಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎಲ್ಲೆಡೆ ಸಿಗುವುದು ಲಾಡ್ಜ್ ಕಂಪನಿಯ ಬೀಡು. ಟೆನೆಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಿಂದ ಇರುವ ಕಂಪನಿ ಅದು, ಸೋಯಾ ಎಣ್ಣೆಯಲ್ಲಿ ಪಳಗಿಸಿ ಮಾರುತ್ತದೆ. ಅದರ ಹತ್ತೂಕಾಲು ಇಂಚಿನ ಸ್ಕಿಲ್ಲೆಟ್ ರೊಟ್ಟಿ, ಮೀನು ಫ್ರೈಗೆ ಒಳ್ಳೆಯದು, ಪಲ್ಯಕ್ಕೆ ಆಳ ಸಾಲದು, ಕೈಯಾಡಿಸಿದಾಗ ಚೆಲ್ಲುತ್ತದೆ. ಚೀನೀ ಅಂಗಡಿಗಳ ಚಪ್ಪಟೆ ಅಡಿಯ, 14 ಗೇಜಿನ ಕಾರ್ಬನ್ ಸ್ಟೀಲ್ ವೋಕ್ ನಮ್ಮ ತಗಡಿನ ಬಾಣಲೆಗೆ ಹತ್ತಿರ. 14 ಗೇಜ್ ಅಂದರೆ 2 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ.

ಊರಲ್ಲಿದ್ದರೆ ಗುಜರಿ ಅಂಗಡಿಯನ್ನೂ ನೋಡಬಹುದು. ಹಳೆಯ ಬೀಡಿನ ಕಾವಲಿ, ಬಾಣಲೆಗಳು ತುಕ್ಕು ಹಿಡಿದಿದ್ದರೂ ಬಿರುಕಿಲ್ಲದಿದ್ದರೆ ಉಜ್ಜಿ ಮತ್ತೆ ಪಳಗಿಸಬಹುದು. ಒಳಗೆ ಟಾರಿನ ಕಲೆಯೋ ಬೂದುಬಣ್ಣದ ಸೀಸದ ಹನಿಯೋ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಟಾರು ಕಾಯಿಸಲು, ಸೀಸ ಕರಗಿಸಲು ಬಳಸಿದ ಬಾಣಲೆ ಉಜ್ಜಿದರೂ ಸುಟ್ಟರೂ ಅಡುಗೆಗೆ ಬರುವುದಿಲ್ಲ.