ಸ್ಟಾಲಿನ್ ಅಥವಾ ಡೆಂಗ್: ಯಾರ ಕಥೆ ಮೊದಲು ಓದೋದು?

ಕಮ್ಯುನಿಸ್ಟ್ ದೇಶದಲ್ಲಿ ಒಬ್ಬ ನಾಯಕ ಮೇಲೆ ಬರೋದು ಹೇಗೆ ಅಂತ ತಿಳಿಯಬೇಕಾ? ಒಂದೇ ಕಥೆಗೆ ಸಮಯ ಇದ್ದರೆ ಸೋವಿಯತ್ ಒಕ್ಕೂಟವನ್ನು ಆಳಿದ ಸ್ಟಾಲಿನ್‌ನದ್ದು ಓದಿ.

1922ರಲ್ಲಿ ಅವನಿಗೆ ಸಿಕ್ಕ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆ ಸುಮ್ನೆ ಕಡತ ನೋಡೋ ಕೆಲಸ ಅನ್ನೋ ಹಾಗಿತ್ತು. ಆದರೆ ಯಾವ ಊರಿನ ಪಕ್ಷದ ಕಚೇರಿಗೆ ಯಾರನ್ನು ಹಾಕಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತಿತ್ತು, ಹಾಗೆ ಹುದ್ದೆ ಪಡೆದವರೇ ಮುಂದೆ ಸಮಾವೇಶಗಳಲ್ಲಿ ಅವನ ಪರ ಕೈ ಎತ್ತಿದರು. ಇವನನ್ನು ತೆಗೆಯಿರಿ ಅಂತ ದೇಶದ ಮೊದಲ ನಾಯಕ ಲೆನಿನ್ ಬರೆಸಿಟ್ಟರೂ ಯಾರೂ ತೆಗೆಯಲಿಲ್ಲ! ಪಕ್ಷದ ದೊಡ್ಡ ನಾಯಕರಾದ ಜಿನೊವಿಯೆವ್, ಕಾಮೆನೆವ್ ಜೊತೆ ಸೇರಿ ಪ್ರತಿಸ್ಪರ್ಧಿ ಟ್ರಾಟ್‌ಸ್ಕಿಯನ್ನು ಮೂಲೆಗೆ ತಳ್ಳಿದ, ಆಮೇಲೆ ಇನ್ನೊಬ್ಬ ನಾಯಕ ಬುಖಾರಿನ್ ಜೊತೆ ಸೇರಿ ಆ ಇಬ್ಬರನ್ನೂ, 1929ರಲ್ಲಿ ಬುಖಾರಿನ್‌ನನ್ನೂ.

ಚೀನಾದ ಡೆಂಗ್ ಶಿಯಾಪಿಂಗ್ ದಾರಿ ಬೇರೆ. ವಿರೋಧಿಗಳನ್ನು ಹೊರಹಾಕಲು ಅಲ್ಲಿನ ನಾಯಕ ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹುದ್ದೆ ಹೋಗಿ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದ, ವಾಪಸ್ ಬಂದವನು 1976ರಲ್ಲಿ ಮತ್ತೆ ಹೊರಬಿದ್ದ. ಮಾವೋ ತೀರಿಕೊಂಡ ಮೇಲೆ ಪಕ್ಷದ ಅಧ್ಯಕ್ಷನಾದದ್ದು ಹುವಾ ಗುವೊಫೆಂಗ್. ಆದರೂ 1978ರ ಕೊನೆಗೆ ಹಿಡಿತ ಡೆಂಗ್‌ನದೇ, ಏಕೆಂದರೆ ಹಳೆಯ ನಾಯಕರ, ಸೇನೆಯವರ ಒಡನಾಟ ಅವನಿಗೆ ಜಾಸ್ತಿ ಇತ್ತು. ಪಕ್ಷದ ಅಧ್ಯಕ್ಷ ಅಂತ ಅವನು ಆಗಲೇ ಇಲ್ಲ, ವಿಚಿತ್ರ ಅಲ್ವಾ? ಇಂದಿನ ಚೀನಾದ ಮೇಲೆ ಆಸಕ್ತಿ ಇರುವವರು ಮಾತ್ರ ಇವನಿಂದ ಶುರು ಮಾಡಿ.